ಹದಿನೆಂಟು ಮೊಳ

ಮೊದಲು ತಿಳಿಯಬೇಕಾದ್ದು: ದೋಣಿಗೆ ಮೂಲೆಯಿಲ್ಲ.
ಪೊರಕೆ ಹಿಡಿದು ಮೂರು ದಿನ ಹುಡುಕಿದೆ.
ಎಲ್ಲಿ ಗುಡಿಸಿದರೂ ಕಸ ನಡುವಿಗೇ ಜಾರಿ ಬಂತು.
ಮೀನಿನ ಮುಳ್ಳು, ಬಳಚಿನ ಚೂರು, ಬೊಮ್ಮಯ್ಯನ ಬೀಡಿಯ ಮೋಟು
ತಳದ ನೀರಲ್ಲಿ ತೇಲುತ್ತಾ ನನ್ನನ್ನೇ ನೋಡಿದವು.
ಪೊರಕೆ ಬಿಟ್ಟೆ.
ಎಣ್ಣೆ ಡಬ್ಬಿಯನ್ನು ಓರೆಯಾಗಿ ಕತ್ತರಿಸಿ
ಮೊಗೆದು ಮೊಗೆದು ಹೊರಗೆ ಚೆಲ್ಲುವುದೇ ಇಲ್ಲಿ ಗುಡಿಸುವುದು.
ಬೆಳಿಗ್ಗೆ ನಲವತ್ತು ಸಲ, ಸಂಜೆ ನಲವತ್ತು ಸಲ,
ಹಲಗೆಯ ಸಂದಿ ಮುನಿದ ದಿನ ಲೆಕ್ಕವಿಲ್ಲ.

ಸಿಹಿನೀರು ತದಡಿಯ ನಲ್ಲಿಯದು, ದಿನಕ್ಕೆ ಎರಡು ಕ್ಯಾನು.
ಅಕ್ಕಿ ತೊಳೆದದ್ದರಲ್ಲಿ ಸೊಪ್ಪು,
ಸೊಪ್ಪು ತೊಳೆದದ್ದರಲ್ಲಿ ಲೋಟ,
ಲೋಟ ತೊಳೆದದ್ದರಲ್ಲಿ ನಮ್ಮಿಬ್ಬರ ಮುಖ.
ಮೊದಲು ಗಂಡನದು ಅಂತ ಅತ್ತೆ ಹೇಳಿಕೊಟ್ಟಿದ್ದರು.
ಇಲ್ಲಿ ಯಾರು ನೋಡುತ್ತಾರೆ,
ಮೊದಲು ನನ್ನದು.
ಕೊನೆಗುಳಿದ ಒಂದು ಬೊಗಸೆ
ಡಬ್ಬಿಯಲ್ಲಿ ನೆಟ್ಟ ಮೆಣಸಿನ ಗಿಡಕ್ಕೆ.
ಅದು ಹೂಬಿಟ್ಟಿತು, ಕಾಯಿ ಕಟ್ಟಲಿಲ್ಲ.
ಉಪ್ಪುಗಾಳಿಯಲ್ಲಿ ಅಷ್ಟೇ ಸಾಕೆನಿಸಿತೋ ಏನೋ.

ಉಪ್ಪುನೀರಲ್ಲಿ ಹಿಂಡಿದ ಸೀರೆ ಒಣಗುತ್ತದೆ ಅನ್ನುವುದು ಸುಳ್ಳು.
ಬಿಸಿಲಿಗೆ ಹಪ್ಪಳ, ರಾತ್ರಿ ಮತ್ತೆ ಬೆವರುತ್ತದೆ.
ಗಣೆಗೂ ತಾಡಪತ್ರಿಯ ಕಮಾನಿಗೂ ನಡುವೆ ಹಗ್ಗ ಬಿಗಿದು
ಅವನ ಲುಂಗಿ, ನನ್ನ ಎರಡು ಸೀರೆ ಹರವಿದೆ ಒಂದು ದಿನ.
ಮಧ್ಯಾಹ್ನದ ಗಾಳಿ ಅದನ್ನು ಹಾಯಿ ಎಂದುಕೊಂಡಿತು.
ಲಂಗರು ಕಿತ್ತು, ನಿಧಾನ, ಮರ್ಯಾದೆಯಿಂದ,
ಆಚೆ ದಡದ ಅಘನಾಶಿನಿಗೆ ಹೊರಟೆವು
ಅವನು ನಿದ್ದೆಯಲ್ಲಿ, ನಾನು ಚಾದರ ಹಿಂಡುತ್ತಾ.
ಬಳಚು ಬಾಚುತ್ತಿದ್ದವಳೊಬ್ಬಳು ಕೂಗಿದಳು:
"ಎಲ್ಲಿಗೆ ಮಾರಾಯ್ತಿ?"
"ಬಟ್ಟೆ ಒಣಗ್ಸೂಕೆ" ಅಂದೆ.

ಇಳಿತಕ್ಕೆ ದೋಣಿ ಕೆಸರಲ್ಲಿ ಕೂತು ಮಗ್ಗುಲಿಗೆ ಒರಗುತ್ತದೆ
ಹೊಟ್ಟೆ ತುಂಬಿದ ಎಮ್ಮೆಯ ಹಾಗೆ.
ಆಗ ಸ್ಟೋ ಹಚ್ಚಿದರೆ
ಅರ್ಧ ಗಂಜಿ, ಅರ್ಧ ಅಕ್ಕಿ.
ಒಲೆ ಓರೆ, ಪಾತ್ರೆ ಓರೆ, ನಾನೂ ಓರೆ,
ಒಳಗಿನ ನೀರೊಂದೇ ಹಟಮಾರಿ, ನೆಟ್ಟಗೆ.
ಹಾಗಾಗಿ ಭರತ ನೋಡಿ ಅಡುಗೆ.
ಇವತ್ತು ಏಳಕ್ಕೆ ಉಂಡರೆ ನಾಳೆ ಎಂಟರ ಹತ್ತಿರ,
ಹದಿನಾಲ್ಕು ದಿನ ಕಳೆದರೆ ನಮ್ಮ ರಾತ್ರಿಯೂಟ
ಊರಿನವರ ಬೆಳಗಿನ ಚಾ ಹೊತ್ತಿಗೆ ಮುಟ್ಟುತ್ತದೆ.

ಮನೆ ಎಣಿಸುವ ಮಾಸ್ತರರು ಧಕ್ಕೆಯ ತುದಿಯಲ್ಲಿ ನಿಂತು
"ಮನೆ ನಂಬರು?" ಎಂದರು.
ದೋಣಿಯ ಮೂತಿಯ ಮೇಲಿದ್ದದ್ದನ್ನು ಓದಿ ಹೇಳಿದೆ.
"ಗೋಡೆ?" ಹಲಸಿನ ಹಲಗೆ. "ಚಾವಣಿ?" ತಾಡಪತ್ರಿ.
"ನೆಲ?"
ನಾನು ಬಗ್ಗಿ ನೋಡಿದೆ. ಅವರೂ ಬಗ್ಗಿ ನೋಡಿದರು.
ಶೆಟ್ಲಿ ಮರಿಯೊಂದು ಸುಳಿಯುತ್ತಿತ್ತು.
"ಮಣ್ಣು" ಅಂತ ಬರೆದುಕೊಂಡು ಹೋದರು.
ತಪ್ಪೇನಲ್ಲ. ಎರಡಾಳು ಕೆಳಗೆ ಮಣ್ಣೇ.

ಜಗಳಕ್ಕೆ ಮಾತ್ರ ಜಾಗ ಸಾಲದು.
ಉಪ್ಪಿನ ಡಬ್ಬಿ ನೆನೆದದ್ದು ಯಾರಿಂದ ಅಂತ ಶುರುವಾಗಿ
ನನ್ನ ತವರಿನವರೆಗೂ ಹೋಗಿ ಬಂದೆವು.
ಅವನು ಚುಕ್ಕಾಣಿಯ ಕಡೆ, ನಾನು ಮೂತಿಯ ಕಡೆ,
ಬೆನ್ನಿಗೆ ಬೆನ್ನು, ನಡುವೆ ಒಲೆ.
ಅವನು ಸಿಟ್ಟಿನಿಂದ ಎಡಕ್ಕೆ ವಾಲಿದರೆ
ನಾನು ಸಿಟ್ಟಿನಿಂದಲೇ ಬಲಕ್ಕೆ ಸರಿಯಬೇಕು
(ತಿರುಗಿ ನೋಡುವುದು ಬೇಡ, ಹಲಗೆಯೇ ಹೇಳುತ್ತದೆ)
ಇಲ್ಲದಿದ್ದರೆ ಸಾರು ಚೆಲ್ಲುತ್ತದೆ.
ಬಳಚಿನ ಸಾರು, ಮುರುಗಲು ಹಾಕಿದ್ದು.
ಚೆಲ್ಲುವ ಮನಸ್ಸು ಇಬ್ಬರಿಗೂ ಇರಲಿಲ್ಲ.
ಅರ್ಧ ರಾತ್ರಿ ತೂಕ ಹಿಡಿದು ಕೂತೆವು,
ತಕ್ಕಡಿಯ ಎರಡು ತಟ್ಟೆ, ಒಂದೂ ಮಾತಿಲ್ಲ.

ಮಳೆಗಾಲಕ್ಕೆ ದೋಣಿ ದಡಕ್ಕೆಳೆದು ಕವುಚಿಟ್ಟು
ಕುಮಟೆಯಲ್ಲಿ ಕೋಣೆ ಹಿಡಿದೆವು, ತಿಂಗಳ ಬಾಡಿಗೆಗೆ.
ನಾಲ್ಕು ಮೂಲೆ! ಒಂದೊಂದನ್ನೂ ಎರಡೆರಡು ಸಲ ಗುಡಿಸಿದೆ.
ನಲ್ಲಿ ತಿರುಗಿಸಿ, ಬರೀ ನೀರು ಬೀಳುವುದನ್ನು ನೋಡಿದೆ.
ಸಂಜೆ ಸಾರು ಕುದಿಯುತ್ತಿತ್ತು.
ಬೀಡಿ ಹುಡುಕಲು ಅವನು ಎಡಕ್ಕೆ ಎದ್ದ,
ನಾನು ಬಲಕ್ಕೆ ಸರಿದೆ.
ತಲೆ ಗೋಡೆಗೆ ಬಡಿಯಿತು.