ನಾಲ್ಕನೆಯ ಮೂಲೆ

ಗುರುವಾರದ ಮಧ್ಯಾಹ್ನ ಸಿಗ್ನೆಟ್ ಊರಿನ ಸಭಾಭವನದಲ್ಲಿ
ನಾವು ಏಳು ಹೆಂಗಸರು, ಜೊತೆಗೆ ನಿವೃತ್ತ ಪೋಸ್ಟ್‌ಮ್ಯಾನ್ ಡೆಸ್ಮಂಡ್,
ಹೊಸ ಕಾಗದಕ್ಕೆ ವಯಸ್ಸು ಬರಿಸುತ್ತೇವೆ.

ಅಗಲದ ತಟ್ಟೆಯಲ್ಲಿ ಕಡು ಚಹಾ.
ಅದ್ದಿ ತೆಗೆದ ಹಾಳೆ ದಾರಕ್ಕೆ ಜೋತುಬಿದ್ದು
ಮೆಲ್ಲಗೆ ಕಂದುತ್ತದೆ.
ಸಾಲದೆನಿಸಿದರೆ ಮುದುರಿ, ಮತ್ತೆ ಬಿಡಿಸಿ,
ಸುಕ್ಕುಗಳ ಬೆನ್ನ ಮೇಲೆ ಶಾಯಿ ಸವರಬೇಕು.
"ಹತ್ತು ನಿಮಿಷಕ್ಕೆ ಎಂಬತ್ತು ವರ್ಷ!" ಎಂದಳು ರೋವೀನಾ.
ನನಗೆ ಅರವತ್ತೆಂಟೇ ಹಿಡಿಯಿತು, ಅಂದೆ.
ಯಾರೂ ನಗಲಿಲ್ಲ.
ಡೆಸ್ಮಂಡ್ ಕೆಮ್ಮಿದ.

ನನ್ನ ಪುಟದ ತಳಕ್ಕೆ ತೋಟದ ಲೆಕ್ಕದ ಹಾಳೆ:
ಹೋಬಾರ್ಟಿನ ಹಡಗಿಗೆ ಪೆಟ್ಟಿಗೆ ನಲವತ್ತು, ಕೊಳೆತದ್ದು ಮೂರು.
ಅದರ ಮೇಲೆ ಸೇಬು ಸುತ್ತುತ್ತಿದ್ದ ನೇರಳೆ ತೆಳುಕಾಗದ.
ಮೂಗಿಗೆ ಹಿಡಿದರೆ ಏನೂ ಇಲ್ಲ.
ಆದರೂ ಹಿಡಿಯುತ್ತೇನೆ.
ಅದರ ಮೇಲೆ ಥರ್ಜಾ ಚಿಕ್ಕಮ್ಮನ ದಿಂಬಿನ ಲೇಸು,
ಅವಳಿಗಿಂತ ಲೇಸಾಗಿ ಉಳಿದದ್ದು.
ಒಂದರ ಮೇಲೊಂದು, ಎಲ್ಲವೂ ಒಂದಿಷ್ಟು ಓರೆ;
ನೆಟ್ಟಗೆ ಕೂತರೆ ಸುಳ್ಳೆನಿಸುತ್ತದಂತೆ,
ಅದು ರೋವೀನಾಳ ಶಾಸ್ತ್ರ.

ಕೊನೆಗೆ ಫೋಟೊ.
ಮೂವತ್ತೆಂಟರ ಏಪ್ರಿಲ್, ಹಣ್ಣಿನ ಶೆಡ್ಡಿನ ಮುಂದೆ ಎಂಟು ಜನ.
ಟೋಪಿ ತೆಗೆದ ಅಜ್ಜ ಆಂಬ್ರೋಸ್:
ಹುಬ್ಬಿನವರೆಗೆ ಬಿಸಿಲು, ಅಲ್ಲಿಂದ ಮೇಲೆ ಹಾಲುಬಿಳಿ.
ಅಮ್ಮನಿಗೆ ಹನ್ನೊಂದು. ಬರಿಗಾಲು, ಕಾಲ ಮೇಲೆ ಕಾಲು.
ಕೆನ್ನೆ ಉಬ್ಬಿದೆ, ಒಂದು ಕೈ ಬೆನ್ನ ಹಿಂದೆ;
ಕಚ್ಚಿದ ಸೇಬು ಅಲ್ಲಿದೆ ಎಂದು ಯಾರು ಬೇಕಾದರೂ ಹೇಳಬಹುದು.
ಬಲತುದಿಯಲ್ಲಿ ಒಂದು ಮೊಣಕೈ, ಒಂದು ಬೂಟು.
ಉಳಿದವನು ಇಲ್ಲ.

ರೋವೀನಾ ಕನ್ನಡಕ ಮೇಲೇರಿಸಿ ಬಗ್ಗಿದಳು:
"ಅಬ್ಬಾ, ಅಂಚು ಎಷ್ಟು ಚೆಂದ ಸುಟ್ಟಿದ್ದೀಯೆ!
ಮೇಣದ ಬತ್ತಿಯೋ, ಲೈಟರೋ?"

ಅರವತ್ತೇಳರ ಫೆಬ್ರವರಿ. ಮಂಗಳವಾರ.
ಬೆಂಕಿ ಮರದಿಂದ ಮರಕ್ಕೆ ಹಾರುತ್ತಿರಲಿಲ್ಲ,
ಗುಡ್ಡದಿಂದ ಗುಡ್ಡಕ್ಕೆ ಹಾರುತ್ತಿತ್ತು.
ಅಮ್ಮ ನನ್ನನ್ನೂ ನಾಯಿಯನ್ನೂ ತೊರೆಗಿಳಿಸಿ,
ಒದ್ದೆ ಕಂಬಳಿ ಹೊದಿಸಿ,
"ನೂರು ಎಣಿಸು" ಎಂದು ಮನೆಗೆ ಹೋದಳು.
ನೂರಾಯಿತು.
ಮತ್ತೊಂದು ನೂರು.
ಹೊಲಿಗೆ ಯಂತ್ರ ಬಿಟ್ಟು, ದುಡ್ಡಿನ ಡಬ್ಬಿ ಬಿಟ್ಟು
ಬಂದಳು, ಎದೆಗೊತ್ತಿಕೊಂಡು ಇದನ್ನು.
ಮೂಲೆ ಇನ್ನೂ ಕೆಂಪಗೆ ತಿನ್ನುತ್ತಿತ್ತು.
ಹೆಬ್ಬೆರಳಿನಲ್ಲಿ ಒತ್ತಿ ಆರಿಸಿದಳು,
ಜೀರಿಗೆ ಕಾಳು ಒತ್ತಿದಷ್ಟು ಸುಲಭವಾಗಿ.

ಆ ಬೆರಳಿಗೆ ಆಮೇಲೆ ಗೆರೆಗಳೇ ಇರಲಿಲ್ಲ.
ಹಿಟ್ಟು ನಾದಿದರೆ ಒಂದು ಗುಳಿ ಮಾತ್ರ ನುಣ್ಣಗೆ ಬೀಳುತ್ತಿತ್ತು.

ಸುಟ್ಟುಹೋದವನು ಯಾರಮ್ಮ?
ಒಮ್ಮೆ, ಕೆಲಸಕ್ಕೆ ಬಂದ ಸೈಲಸ್, ಎಂದಳು.
ಒಮ್ಮೆ, ಪಕ್ಕದ ತೋಟದ ಹುಡುಗ.
ಆಸ್ಪತ್ರೆಯಲ್ಲಿ ಕೇಳಿದಾಗ ಬೇಸರಿಸಿಕೊಂಡಳು:
"ನೀನು ಯಾವಾಗಲೂ ಇಲ್ಲದವನನ್ನೇ ಕೇಳುತ್ತೀಯೆ.
ಉಳಿದ ಎಂಟು ಜನರ ಹೆಸರು ಹೇಳು ನೋಡೋಣ."
ಆರು ಹೇಳಿದೆ.

ಇದನ್ನೆಲ್ಲ ರೋವೀನಾಳಿಗೆ ಹೇಳಲಿಲ್ಲ.
ಲೈಟರಲ್ಲ, ಅಂದೆ.
ಅವಳು ಬತ್ತಿಯನ್ನು ಮುಂದಿನವರಿಗೆ ದಾಟಿಸಿದಳು.
ಮೇಜಿನ ಸುತ್ತ ಸಣ್ಣ ಸಣ್ಣ ಅಂಚುಗಳು ಹೊತ್ತಿ,
ಉಫ್ ಎಂದರೆ ಆರಿ,
ಕೋಣೆಯಲ್ಲಿ ಒಂದು ವಾಸನೆ.
ನಾನು ಕಿಟಕಿ ತೆರೆದೆ.

ಅಂಟು ಹಚ್ಚಲು ಮಗುಚಿದರೆ ಫೋಟೊದ ಬೆನ್ನಿಗೆ
ಪೆನ್ಸಿಲಿನಲ್ಲಿ ಅಜ್ಜನ ಅಕ್ಷರ:
ಮೊಳೆ, ಎರಡಿಂಚಿನದು, ಅರ್ಧ ಪೌಂಡು. ದಾರ. ಮಗುವಿಗೆ ಬೂಟು.
ಅಂಟಿಸಿದರೆ ಇದು ಹೋಯಿತು.
ಅಂಟಿನ ಮುಚ್ಚಳ ಹಾಕಿದೆ.
ನಾಲ್ಕು ಮೂಲೆಗೆ ಕಾಗದದ ಪುಟ್ಟ ಜೇಬು ಮಡಿಸಿ,
ಮೂರನ್ನು ತೊಡಿಸಿ,
ನಾಲ್ಕನೆಯದನ್ನು ಅಂಗೈಯಲ್ಲಿ ಹಿಡಿದು ಕೂತೆ.
"ಅಲ್ಲಿಗೊಂದು ಹೂವು ಅಂಟಿಸು, ಮುಚ್ಚಿಹೋಗುತ್ತದೆ," ಎಂದರು ಯಾರೋ.
ಡೆಸ್ಮಂಡ್ ಕೈಚಾಚಿದ. ಜೇಬನ್ನು ಅವನಿಗೆ ಕೊಟ್ಟೆ.
ಅವನ ಫೋಟೊಕ್ಕೆ ಒಂದು ಕಡಿಮೆ ಬಿದ್ದಿತ್ತು.

ನಾಲ್ಕು ಗಂಟೆಗೆ ಬೀಗ.
ಹೊರಗೆ ಹ್ಯುವಾನ್ ಹೊಳೆಯ ಕಡೆಯಿಂದ ಗಾಳಿ.
ಪುಟವನ್ನು ಎದೆಗೊತ್ತಿಕೊಂಡು, ಗಾಳಿಗೆ ಬೆನ್ನು ತಿರುಗಿಸಿ
ಕಾರಿನವರೆಗೂ ಹಿಮ್ಮುಖವಾಗಿಯೇ ನಡೆದೆ.
ಹಿಡಿತವಿಲ್ಲದ ಆ ಒಂದು ಮೂಲೆ
ಅಂಗಿಯ ಗುಂಡಿಗೆ ಬಡಿಯುತ್ತಿತ್ತು
ಪಟ, ಪಟ.