ಹದಿನೇಳು, ಹತ್ತು

ಔಷಧಿ ಅಂಗಡಿಯ ಹುಡುಗಿ ಸೊನ್ನೆ ಬಿಟ್ಟು ಓದುತ್ತಾಳೆ:
‘ಹದಿನೇಳು, ಹತ್ತು.’
ಲಿಸ್ಬನ್ನಿನಲ್ಲಿ ಹಾಗೇ. ಬಿಟ್ಟ ಸೊನ್ನೆಗಳನ್ನು
ಅಳೆಸಿಕೊಂಡವರೇ ಮನೆಗೊಯ್ಯಬೇಕು.

ರಕ್ತದೊತ್ತಡಕ್ಕೆ ಈ ಊರಿನ ಹೆಸರು ತೆನ್ಸಾಂವ್.
ಅವ್ವನ ಬಾಯಲ್ಲಿ ಅದೊಂದು ಸಾಮಾನು.
‘ನನ್ನ ತೆನ್ಸಾಂವ್ ಎಲ್ಲಿಟ್ಟೆ?’ ಎನ್ನುತ್ತಾಳೆ
ಮಾತ್ರೆಯ ಡಬ್ಬಿ ಹುಡುಕುತ್ತ.
ಎರ್ಮೆಲಿಂದಾ, ಐವತ್ತೆರಡು, ಕೇಪ್ ವರ್ಡಿಯವಳು.
ಹುಟ್ಟಿದ ದ್ವೀಪದ ಹೆಸರೇ ಉಪ್ಪು: ಸಾಲ್.
ಸಾಲ್ ಬಿಟ್ಟು ಬಂದಳು, ಟಿಕೆಟ್ಟಿನ ಸಾಲ ಹೊತ್ತು.

ಹದಿಮೂರಕ್ಕೇ ನಾನು ಅವಳ ದುಭಾಷಿ.
ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಕಿತೇರಿಯಾ
ಕಂಪ್ಯೂಟರಿನಿಂದ ಮುಖ ತಿರುಗಿಸದೆ ಕೇಳಿದರು:
‘ಉಪ್ಪು ಜಾಸ್ತಿ ತಿಂತಾರಾ?’

ಕ್ರಿಯೋಲಿನಲ್ಲಿ ಕೇಳಿದೆ.
ಅವ್ವ ಉಸಿರೆಳೆದುಕೊಂಡಳು, ಶುರುಮಾಡಿದಳು:
ಅವಳಪ್ಪ ಸತ್ತ ಜ್ವಾಲಾಮುಖಿಯ ಬಾಯೊಳಗಿನ ಉಪ್ಪಿನ ಗದ್ದೆಯಿಂದ
ಮೂಟೆ ಹೊತ್ತದ್ದು, ಬೆನ್ನಿನ ಗಾಯ ಕೊನೆತನಕ ಮಾಯದ್ದು,
ನಾಲ್ಕೂ ಹತ್ತರ ಬಸ್ಸು, ಬ್ಯಾಂಕಿನ ಹನ್ನೊಂದನೇ ಮಹಡಿ,
ಜನ ಬರುವ ಮೊದಲೇ ಮುಗಿಸಿ
ತಾನು ಬಂದೇ ಇರಲಿಲ್ಲವೆಂಬಂತೆ ಹೊರಟುಬಿಡಬೇಕಾದ ಕೆಲಸ,
ಕಾಗದಪತ್ರ ಇಲ್ಲದ ವರ್ಷವೇ ಅಜ್ಜಿ ತೀರಿಕೊಂಡದ್ದು,
ಹೋದರೆ ಮತ್ತೆ ಒಳಗೆ ಬಿಡರೆಂದು ಹೋಗದೆ ಉಳಿದದ್ದು,
ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು
ಅಲ್ಲಿ ಮಣ್ಣು ಬೀಳುವುದನ್ನು ಕೇಳುತ್ತ
ಇಲ್ಲಿ ಗಾಜು ಒರೆಸಿದ್ದು.
‘ಅತ್ತರೆ ಗಾಜಿನ ಮೇಲೆ ಕಲೆ ಬೀಳ್ತದೆ,
ಅದಕ್ಕೇ ಎಲ್ಲ ಒಳಗೇ ಹೋಯ್ತು.’

ಡಾಕ್ಟರ್ ಗಡಿಯಾರ ನೋಡಿದರು.
ನನಗೆ ಗಣಿತದ ಪರೀಕ್ಷೆಯಿತ್ತು.
‘ಹೌದಂತೆ, ಸ್ವಲ್ಪ’ ಎಂದೆ.

‘ಒತ್ತಡ ಇದೆಯಾ, ಕೇಳು.’
ಅದಕ್ಕೆ ನಮ್ಮ ಮಾತಿನಲ್ಲಿ ಏನೆನ್ನುತ್ತಾರೋ ತಿಳಿಯದೆ
‘ತಲೆ ಬಿಸಿಯಾಗ್ತದಾ?’ ಎಂದು ಕೇಳಿದೆ.
ಅವ್ವ ಅಂಗೈಯಿಂದ ಹಣೆ ಮುಟ್ಟಿ ನೋಡಿಕೊಂಡಳು.
‘ಇಲ್ಲಪ್ಪ, ತಣ್ಣಗಿದೆ.’
ಕಂಪ್ಯೂಟರಿನೊಳಗೆ ಬಿತ್ತು: ಇಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಹೊತ್ತವರು?

ಆಮೇಲೆ ಅಳೆಯುವ ಯಂತ್ರ ಮನೆಗೇ ಬಂತು.
ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡತೊಡಗಿದೆ.
ವಲಸೆ ಕಚೇರಿಯ ಕಂದು ಲಕೋಟೆ ಬಂದ ದಿನ ಹದಿನೆಂಟು.
ಬರಬೇಕಿದ್ದ ಲಕೋಟೆ ಬಾರದ ದಿನ ಹದಿನೆಂಟೂವರೆ.
ರಾಟರ್‌ಡ್ಯಾಮಿನ ಮಾಮ ದುಡ್ಡು ಕೇಳದ ತಿಂಗಳು ಹದಿನಾರು.
ಮೇಸ್ತ್ರಿ ಅವಳನ್ನು ಹೆಸರು ಹಿಡಿದು ಕರೆಯದೆ
ಚಪ್ಪಾಳೆ ತಟ್ಟಿ ಕರೆದ ಸಂಜೆ
ಯಂತ್ರ ಅಂಕಿಯನ್ನೇ ತೋರಿಸಲಿಲ್ಲ,
ಮೂರು ಸಲ ಉಬ್ಬಿ ಮೂರು ಸಲ ಇಳಿಯಿತು.

ಖಾಯಂ ಕಾರ್ಡು ಕೈಗೆ ಬಂದ ರಾತ್ರಿ
ಪಟ್ಟಿ ಸುತ್ತಿ, ಗುಂಡಿ ಒತ್ತಿ, ನಾನೂ ಉಸಿರು ಹಿಡಿದು ಕೂತೆ.
ಹದಿನೇಳು, ಹತ್ತು.
ಒಂಬತ್ತು ವರ್ಷ ಬಾಗಿಲ ಸದ್ದಿಗೆ ಬೆಚ್ಚಿದ ರಕ್ತಕ್ಕೆ
ಕಾರ್ಡು ಓದಲು ಬರುವುದಿಲ್ಲ.

ಮೊನ್ನೆ ಭಾನುವಾರ ನ್ಹಾ ಜುಲ್ಮಿರಾರ ಮನೆಯ ಮೆಟ್ಟಿಲ ಮೇಲೆ
ಆರು ಹೆಂಗಸರು ಜೋಳ ಕುಟ್ಟುತ್ತ, ಅವರೆ ಆರಿಸುತ್ತ
ತೋಳಿನಿಂದ ತೋಳಿಗೆ ಪಟ್ಟಿ ದಾಟಿಸಿದರು,
ಬಳೆ ತೊಟ್ಟು ನೋಡುವವರ ಹಾಗೆ.
ಯಾರೋ ಮೇಸ್ತ್ರಿಯ ಚಪ್ಪಾಳೆಯನ್ನೇ ಅಣಕಿಸಿ ತೋರಿಸಿದರು.
ಅವ್ವ ನಕ್ಕಳು; ಸೆರಗಿಲ್ಲದ ಊರಿನವಳು,
ಅಂಗೈಯಲ್ಲಿ ಬಾಯಿ ಮುಚ್ಚಲು ಹೋಗಿ
ಅವರೆಯೆಲ್ಲ ಚೆಲ್ಲಿದಳು.
ಯಂತ್ರ ಕೂಗಿತು: ಹದಿಮೂರು, ಎಂಟು.

‘ಕೆಟ್ಟಿದೆ ಇದು, ಬರೀಬೇಡ’ ಎಂದಳು,
ಬ್ಯಾಟರಿ ಕಿತ್ತು
ಟಿವಿ ರಿಮೋಟಿಗೆ ಹಾಕಿಕೊಂಡಳು.