ಮೂರು ಚಿಕ್ಕಿ ಕಾಣೂತನಕ

ಶುಕ್ರವಾರ ನಾಕಕ್ಕ ಬರತಿದ್ದರು ಮಿಲ್ಕಾಬಾಯಿ,
ಬೆಳಗಾವಿ ಕ್ಯಾಂಪಿನ ನನ್ನ ಔಷಧ ಅಂಗಡಿಗೆ, ಛತ್ರಿ ಊರಿಕೋತ.
"ನಾಳಿನ ಗುಳಿಗಿ ಇವತ್ತೇ ಒಡದು ಕೊಡೋ ಭೂಪಾಲ,
ನಾಳೆ ನನಗ ಒಡಿಯೂ ಹಂಗಿಲ್ಲ."
ಬ್ಲೇಡಿಲೆ ಅರ್ಧ ಮಾಡಿ
ಕಾಗದದ ಪುಡಿಕಿಯೊಳಗ ಕಟ್ಟತಿದ್ದೆ,
ಮುಂಜಾನಿದೊಂದು, ರಾತ್ರಿದೊಂದು.

ಎದಿಬ್ಯಾನಿ ಇದ್ದವರಿಗೆ ನುಂಗಾಕ ಅಡ್ಡಿ ಇಲ್ಲಂತ.
ಸಣ್ಣ ತಲಿನೋವು ಮಾತ್ರ ತಡಕೋಬೇಕು:
ಔಷಧ ಬೇಕನ್ನೂ ಕೈ ಬೇರು ಅರಿಯಾಕ ಹೋದೀತು,
ಅರಿಯೂದು ಕೆಲಸ, ಕೆಲಸಕ್ಕ ಶನಿವಾರ ಸೂಟಿ.
"ಈಗ ಯಾರು ಅರೀತಾರ್ರೀ ಬಾಯಿ,
ಎಲ್ಲಾ ಫ್ಯಾಕ್ಟರಿಯೊಳಗ" ಅಂದೆ ಒಮ್ಮೆ. ನಕ್ಕರು.
"ನಮ್ಮಜ್ಜ ಮಿಲಿಟರಿ ದವಾಖಾನಿ ಕಂಪೌಂಡರ್.
ಅವನ ಕಲಬತ್ತ ಇನ್ನೂ ಮಾಡದಾಗ ಐತಿ.
ಶುಕ್ರವಾರ ಸಂಜಿಗೆ ಅದರ ಮ್ಯಾಲೊಂದು ಬಟ್ಟಿ ಹೊಚ್ಚತೇನಿ,
ಪಾಪ, ಅದೂ ಮಲಗಲಿ."

ನನ್ನ ಲೆಕ್ಕ ಬ್ಯಾರೆ. ನಾವು ಜೈನರು.
ಹೊತ್ತು ಮುಳುಗಿದರ ನೀರಿನ ಹನಿ ಸೈತ ಒಲ್ಲೆ.
ರಾತ್ರಿ ಗುಳಿಗಿ ಬರದ ಡಾಕ್ಟರ್ ಚೀಟಿ
ಗಲ್ಲಾದಾಗ ಮಡಿಚಿದ್ದು ಮಡಿಚಿದಂಗ ಇತ್ತು,
ಊರಿಗೆಲ್ಲಾ ಔಷಧ ಮಾರಾಂವಂದು.

ಶನಿವಾರ ಸಂಜಿ ಸುಮ್ಮನ ಅಡ್ಡಾಡಕೋತ ಬಂದು
ಸ್ಟೂಲಿನ ಮ್ಯಾಲೆ ಕೂತು ಮುಗಿಲು ನೋಡತಿದ್ದರು.
ಮೂರು ಚಿಕ್ಕಿ ಕಂಡರ ಅವರ ವಾರ ಬಿಡತಿತ್ತು.
ಹೊತ್ತು ಮುಳುಗೂದಕ್ಕೂ ಮೂರನೇ ಚಿಕ್ಕಿಗೂ ನಡುವ
ಒಂದರ್ಧ ತಾಸು
ನನ್ನ ಬಾಯಿ ಮುಚ್ಚಿರತಿತ್ತು, ಅವರ ಕೈ ಕಟ್ಟಿರತಿತ್ತು.
ಹರಟಿಗೆ ಅದು ಭಾಳ ಛಲೋ ಹೊತ್ತು.

ಅಂಥಾ ಅರ್ಧ ತಾಸಿನೊಳಗ,
ಕಿಲ್ಲೆದ ಕಡೆ ಎರಡನೇ ಚಿಕ್ಕಿ ಮೂಡಿತ್ತು,
ನನ್ನ ಎಡಗೈ ಜೋಮು ಹಿಡೀತು.
ಎದಿಯೊಳಗ ಯಾರೋ ಕಲ್ಲು ಇಟ್ಟಂಗ.
ಕಪಾಟಿನ ಡಬ್ಬಿ ಎಲ್ಲಾ ಒಂದೇ ಬಣ್ಣ ಆದವು.

ಹಾಳಿ ಚರ್ರ್ ಅಂತ ಹರದದ್ದು ಕೇಳಿಸಿತು.
ಬ್ಲೇಡು ಹುಡುಕಲಿಲ್ಲ, ಮುಗಿಲು ನೋಡಲಿಲ್ಲ.
ಉಪ್ಪಿನಕಾಯಿ ವಾಸನಿ ಬಡಿಯೂ ಬೆರಳು
ನನ್ನ ತುಟಿ ಸೀಳಿತು:
"ನುಂಗಬ್ಯಾಡ. ನಾಲಗಿ ಕೆಳಗ ಇಟಗೊ.
ನಿಮ್ಮ ಮಹಾರಾಜರಿಗೆ ನಾ ಹೇಳತೇನಿ."
ಶನಿವಾರ ಫೋನ್ ಮುಟ್ಟದಾಕಿ
ನನ್ನ ಫೋನಿನೊಳಗ ಮಗನ ಹೆಸರು ಹುಡುಕತಿದ್ದಳು,
ಬೈಕೋತ, ಅಕ್ಷರ ಸಣ್ಣವಂತ.
ಮೂರನೇ ಚಿಕ್ಕಿ ಯಾವಾಗ ಬಂತೋ ಇಬ್ಬರಿಗೂ ಗೊತ್ತಿಲ್ಲ.

ಹನ್ನೆರಡು ದಿನ ಕಳದು ಅಂಗಡಿ ತಗದೆ.
ಛತ್ರಿ ಬಂತು. ಗಾಜಿನ ಮ್ಯಾಲೆ ಎರಡು ರೂಪಾಯಿ ಬಿಲ್ಲೆ.
"ಅವತ್ತಿನ ಗುಳಿಗಿದು.
ಶನಿವಾರ ನಾ ರೊಕ್ಕ ಮುಟ್ಟಾಂಗಿಲ್ಲ ನೋಡು."